ನಿನ್ನೆಯ ತಪ್ಪು ಮೊದಲು

ಹೋದ ತಿಂಗಳು ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಸವನಗುಡಿಯ ನಮ್ಮ ಮನೆಗೆ ಬಂದಿದ್ದಳು. ನಾನು ಬಿಟ್ಟ ಕೆಲಸಕ್ಕೆ ಸೇರಬೇಕಾದವಳು. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಿದ್ದಾಳೆ, ಒಳ್ಳೆಯ ಇಂಗ್ಲಿಷ್ ಬರುತ್ತದೆ, ಕೈಯಲ್ಲಿ ಎರಡು ಫೋನು. ಕಾಫಿ ಕೊಟ್ಟೆ. ಲೋಟ ಕೆಳಗಿಡುವ ಮೊದಲೇ ಕೇಳಿದಳು.

"ಮೇಡಂ, ಈ ಕೆಲ್ಸದಲ್ಲಿ ರಿಸ್ಕ್ ಎಷ್ಟಿದೆ?"

"ನಿಂಗೆ ಬಾಡಿಗೆ ಮನೆ ಹುಡುಕೋಕೆ ಬರತ್ತಾ?" ಅಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ತಮಾಷೆಯಲ್ಲ. ಅವಳಿಗೆ ಆ ಸಂಜೆ ಹೇಳಲು ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಅವಳ ಹಿಂದೆ ಬರುವವರಿಗೂ ಉಪಯೋಗಕ್ಕೆ ಬಂದೀತು.

ನಾನು ಮೊದಲು ಒಂದು ಕನ್ನಡ ಸಂಜೆ ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ. ಅದು ಮುಚ್ಚಿಹೋಯಿತು. ಅಲ್ಲಿ ನಮ್ಮ ಸುದ್ದಿ ಸಂಪಾದಕರಾಗಿದ್ದ ಶಾಮಣ್ಣನವರು ಸುಮ್ಮನೆ ಕೂರುವ ಜಾತಿಯವರಲ್ಲ. ಯಾರು ಯಾರನ್ನೋ ಕಾಡಿ ಬೇಡಿ, ಚಾಮರಾಜಪೇಟೆಯ ಹಳೆಯ ಮನೆಯೊಂದರ ಮಹಡಿಯಲ್ಲಿ ಒಂದು ಸಣ್ಣ ಸಂಸ್ಥೆ ತೆರೆದರು. ತಮ್ಮ ದೇಶದಲ್ಲಿ ನಿಜ ಬರೆದ ತಪ್ಪಿಗೆ ಅಲ್ಲಿಂದ ಓಡಿಬರಬೇಕಾದ ಪತ್ರಕರ್ತರು ಇಲ್ಲಿ ಕೂತು ತಮ್ಮ ಕೆಲಸ ಮುಂದುವರಿಸಲು ನೆರವಾಗುವುದು ಅದರ ಉದ್ದೇಶ. ನನಗೆ ಫೋನು ಮಾಡಿದರು.

"ರೀ ವಸುಮತಿ, ಸಂಬಳ ಕಮ್ಮಿ, ಕೆಲಸ ಜಾಸ್ತಿ, ಹೆಸರಂತೂ ಬರಲ್ಲ. ಬರ್ತೀರಾ?"

ಮೂರೂ ನನಗೆ ಸಂಜೆ ಪತ್ರಿಕೆಯಲ್ಲೇ ಅಭ್ಯಾಸವಾಗಿತ್ತು. ಹೋದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ.

ನಮ್ಮಲ್ಲಿಗೆ ಬಂದವರ ದೇಶದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಿವೃತ್ತಿ ಆಗಿರುವುದು ನನಗೆ. ಅವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಇಷ್ಟು ಹೇಳಿದರೆ ಸಾಕು: ಅಲ್ಲಿನ ಟಿವಿ, ರೇಡಿಯೋ, ಪತ್ರಿಕೆ ಎಲ್ಲವೂ ಸರ್ಕಾರ ಹೇಳಿದ್ದನ್ನೇ ಹೇಳುತ್ತವೆ. ಉಳಿದ ಜಾಗವನ್ನು ಫೋನಿನಿಂದ ಫೋನಿಗೆ ಹಾರುವ ಸುಳ್ಳುಗಳು ತುಂಬುತ್ತವೆ. ಇಲ್ಲಿಗೆ ಬಂದವರು ಅಲ್ಲಿನ ಜನರಿಂದ ಗುಟ್ಟಾಗಿ ಸುದ್ದಿ ತರಿಸಿಕೊಂಡು, ಪರೀಕ್ಷಿಸಿ, ದಿನಕ್ಕೊಂದು ಸಣ್ಣ ವಾರ್ತೆಯನ್ನು ಧ್ವನಿಮುದ್ರಿಸಿ ಕಳಿಸುತ್ತಿದ್ದರು. ಅಲ್ಲಿ ಇಂಟರ್ನೆಟ್ ಆಗಾಗ ಕಡಿದುಹೋಗುತ್ತಿತ್ತು. ಒಬ್ಬರಿಗೆ ಸಿಕ್ಕರೆ ಸಾಕು, ಅವರ ಫೋನಿನಿಂದ ಪಕ್ಕದ ಮನೆಯವರು, ಅವರಿಂದ ಅಂಗಡಿಯವರು, ಹೀಗೆ ಊರೂರು ತಲುಪುತ್ತಿತ್ತು.

ಹೊಸದಾಗಿ ಸೇರಿದಾಗ ನಾನು ದೊಡ್ಡ ದೊಡ್ಡ ಕಲ್ಪನೆ ಇಟ್ಟುಕೊಂಡಿದ್ದೆ. ಮೊದಲ ವಾರವೆಲ್ಲ ಹಾಸಿಗೆ ಕೊಂಡಿದ್ದೇ ಆಯಿತು. ಮಲಗಲು ಅಲ್ಲ. ಹಿಂದಿನ ಕೋಣೆಯ ಗೋಡೆಗೆ ಹಳೆಯ ಹತ್ತಿ ಹಾಸಿಗೆಗಳನ್ನು ನಿಲ್ಲಿಸಿ, ರಸ್ತೆಯ ಹಾರ್ನ್ ಸದ್ದು ಒಳಗೆ ಬರದಂತೆ ಮಾಡಿ, ಅದನ್ನೇ ಸ್ಟುಡಿಯೋ ಎಂದು ಕರೆದೆವು. ಆಮೇಲೆ ವೀಸಾ ಕಚೇರಿ, ಹಲ್ಲಿನ ಡಾಕ್ಟರು, ಗ್ಯಾಸ್ ಕನೆಕ್ಷನ್ನು. ದೇಶ ಬಿಟ್ಟು ಬಂದವರಿಗೆ ಗ್ಯಾಸ್ ಸಿಲಿಂಡರ್ ಕೊಡಿಸುವುದು ಎಂಥ ಸಾಹಸವೆಂದು ಕೊಡಿಸಿದವರಿಗೇ ಗೊತ್ತು.

ಮನೆ ಹುಡುಕಿದ ಕಥೆಗೆ ಬರುತ್ತೇನೆ. ನಮ್ಮಲ್ಲಿಗೆ ಮೊದಲು ಬಂದವಳು ತಾರಾ. ಅದು ಅವಳ ನಿಜವಾದ ಹೆಸರಲ್ಲ. ಬಾಯಿ ತಪ್ಪಿಯೂ ನಿಜ ಹೆಸರು ಹೊರಬೀಳಬಾರದೆಂದು ಬಂದವರಿಗೆಲ್ಲ ಇಲ್ಲಿನ ಒಂದು ಹೆಸರಿಡುವುದು ನಮ್ಮ ಪದ್ಧತಿಯಾಗಿತ್ತು. ಆ ನಾಮಕರಣದ ಅಧಿಕಾರ ನನ್ನದು. ಅವಳ ಹಿಂದೆಯೇ ಬಂದ ವರದಿಗಾರನಿಗೆ ಮಣಿ ಎಂದು ಇಟ್ಟೆ. ಅವನು ಉಳಿದುಕೊಂಡ ಮನೆಯ ಪಕ್ಕದವರ ನಾಯಿಗೂ ಅದೇ ಹೆಸರೆಂದು ಗೊತ್ತಾಗಿ ಸ್ವಲ್ಪ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದ.

ತಾರಾಳನ್ನು ಕರೆದುಕೊಂಡು ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿ ಪದ್ಮಮ್ಮ ಎಂಬುವರ ಔಟ್‌ಹೌಸ್ ನೋಡಲು ಹೋದೆ. ಪದ್ಮಮ್ಮ ಹೊಸಲಿನಲ್ಲೇ ನಿಲ್ಲಿಸಿ ವಿಚಾರಣೆ ಶುರು ಮಾಡಿದರು.

"ಏನ್ ಕೆಲ್ಸ ಇವರದು?"

"ಸುದ್ದಿ ಓದ್ತಾರೆ."

"ಯಾವ ಚಾನೆಲ್ಲು? ನಾನು ನೋಡೇ ಇಲ್ವಲ್ಲ."

"ಇಲ್ಲಿ ಬರಲ್ಲ ರೀ. ಅವರ ಊರಿನ ಜನಕ್ಕೆ."

"ಅವರ ಊರಿನ ಜನಕ್ಕಾದ್ರೆ ಇಲ್ಲಿ ಕೂತು ಯಾಕೆ ಓದ್ತಾರೆ?"

"ಅಲ್ಲಿ ಓದೋಕೆ ಬಿಡ್ಲಿಲ್ಲ."

ಪದ್ಮಮ್ಮ ತಾರಾಳನ್ನು ಮೇಲಿಂದ ಕೆಳಗೆ ನೋಡಿದರು. ತಾರಾ ಏನೂ ಅರ್ಥವಾಗದೆ ಕೈ ಮುಗಿದು ನಿಂತಿದ್ದಳು.

"ಮೊಟ್ಟೆ ಬೇಯಿಸಂಗಿಲ್ಲ. ಮಿಕ್ಕಿದ್ದೇನು ಓದ್ಕೋತಾರೋ ಓದ್ಕೊಳ್ಳಲಿ," ಅಂದರು.

ಒಂದು ವರ್ಷ ಕಳೆಯುವುದರೊಳಗೆ ತಾರಾ ಪದ್ಮಮ್ಮನ ಕನ್ನಡವನ್ನೇ ಕಲಿತಳು. ಆಟೋದವರೊಂದಿಗೆ "ಏನ್ರೀ ಇದು, ದಿನಾ ಓಡಾಡೋರಿಗೇ ಹೀಗಾ?" ಎಂದು ಜಗಳಕ್ಕೆ ನಿಂತರೆ ಹಿಂದಿನಿಂದ ಕೇಳಿದವರು ಬಸವನಗುಡಿಯಲ್ಲೇ ಹುಟ್ಟಿದವಳು ಅಂದುಕೊಳ್ಳುತ್ತಿದ್ದರು. ನನ್ನನ್ನು ವಸು ಅಕ್ಕ ಎಂದು ಕರೆಯುತ್ತಿದ್ದಳು.

ತನ್ನ ದೇಶದ ಸರ್ಕಾರಿ ರೇಡಿಯೋದಲ್ಲಿ ಅವಳು ವರ್ಷಗಟ್ಟಲೆ ವಾರ್ತೆ ಓದಿದವಳು. ಒಂದು ದಿನ ಕೈಗಿಟ್ಟ ಸುಳ್ಳನ್ನು ಓದಲಾರೆ ಎಂದು ಎದ್ದುಬಂದಳು, ಮತ್ತೆ ಅಲ್ಲಿ ಬದುಕಲು ಆಗಲಿಲ್ಲ. ನಮ್ಮ ವಾರ್ತೆಯಲ್ಲಿ ಅವಳು ಹೆಸರು ಹೇಳುತ್ತಿರಲಿಲ್ಲ. ಆ ಧ್ವನಿ ಕೇಳಿದರೆ ಅಲ್ಲಿನ ಮಕ್ಕಳೂ ಗುರುತಿಸುತ್ತಿದ್ದವು. ನದಿ ದಂಡೆಯ ಒಂದು ಊರಿನಲ್ಲಿ ಅವಳ ತಾಯಿ ಒಬ್ಬರೇ ಇದ್ದರು. ಫೋನು ಮಾಡುವ ಹಾಗಿರಲಿಲ್ಲ. ಓಡಿಹೋದವರ ಮನೆಯ ಫೋನುಗಳನ್ನೆಲ್ಲ ಕದ್ದು ಕೇಳುತ್ತಿದ್ದರು. ಯಾರದೋ ಫೋನಿನಲ್ಲಿ ಅಮ್ಮ ವಾರ್ತೆ ಕೇಳುತ್ತಿರಬಹುದು ಎಂಬ ನಂಬಿಕೆ ಒಂದೇ ಅವಳಿಗೆ ಇದ್ದದ್ದು. ಅಮ್ಮ ಕೇಳುತ್ತಿದ್ದಾರೋ ಇಲ್ಲವೋ ತಿಳಿಯಲು ದಾರಿಯೇ ಇರಲಿಲ್ಲ.

ಈಗ ಶಾಮಣ್ಣನವರ ಪದ್ಧತಿಯ ಬಗ್ಗೆ ಹೇಳಬೇಕು. ಪತ್ರಿಕೆಗಳಲ್ಲಿ ತಪ್ಪೊಪ್ಪಿಗೆ ಹಾಕುವುದು ಒಳಪುಟದ ಮೂಲೆಯಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ, ಯಾರ ಕಣ್ಣಿಗೂ ಬೀಳದ ಹಾಗೆ. ನಾನೇ ಎಷ್ಟೋ ಸಲ ಹಾಗೆ ಹಾಕಿದ್ದೇನೆ. ಆದರೆ ಶಾಮಣ್ಣನವರು ತಾರಾಳಿಗೆ ಹಾಕಿದ ಷರತ್ತು ಒಂದೇ. ದಿನದ ವಾರ್ತೆಯ ಮೊದಲ ವಾಕ್ಯ ನಿನ್ನೆ ತಾವು ಮಾಡಿದ ತಪ್ಪಾಗಿರಬೇಕು. ತಪ್ಪು ಸಿಗದ ದಿನ, "ನಿನ್ನೆಯದರಲ್ಲಿ ನಮಗೆ ತಪ್ಪು ಸಿಕ್ಕಿಲ್ಲ, ನಿಮಗೆ ಸಿಕ್ಕಿದ್ದರೆ ತಿಳಿಸಿ" ಎನ್ನಬೇಕು. ಮುಖ್ಯಾಂಶಗಳೆಲ್ಲ ಅದಾದ ಮೇಲೆ.

ತಾರಾ ಕೆಂಡವಾದಳು. ಆಗಿನ್ನೂ ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಜಗಳವಾಡಿದಳು. ನಾವೇ ತಪ್ಪು ಎಂದು ಸಾರಿದರೆ ಅಲ್ಲಿನ ಟಿವಿಯವರು ನೋಡಿ, ಅವರೇ ಒಪ್ಪಿಕೊಂಡರು ಎಂದು ನಗುತ್ತಾರೆ, ಯಾರು ನಮ್ಮನ್ನು ನಂಬುತ್ತಾರೆ ಎಂದು ಕೇಳಿದಳು. ಶಾಮಣ್ಣನವರು ಮೊಸರನ್ನದ ಡಬ್ಬಿಯ ಮುಚ್ಚಳ ತೆಗೆಯುತ್ತಾ, ಆ ಟಿವಿಯವರು ಯಾವತ್ತಾದರೂ ನಿನ್ನೆ ತಪ್ಪು ಹೇಳಿದೆವು ಅಂದಿದ್ದಾರೆಯೇ ಎಂದರು. ಇಲ್ಲ ಎಂದಳು. "ಮತ್ತೆ?" ಎಂದು ಅನ್ನ ಕಲಸತೊಡಗಿದರು. ಅವರು ಊಟಕ್ಕೆ ಕೂತರೆಂದರೆ ಚರ್ಚೆ ಮುಗಿಯಿತೆಂದೇ ಅರ್ಥ.

ಆ ಸಂಜೆ ತಾರಾ ನನ್ನ ಹತ್ತಿರ ಬಂದು ನಕ್ಕಳು. ತನ್ನ ಅಮ್ಮನೂ ಶಾಮಣ್ಣನವರ ಹಾಗೆಯೇ ಎಂದಳು. ರೇಡಿಯೋದಲ್ಲಿ ವಾರ್ತೆ ಓದಿ ಮನೆಗೆ ಹೋದರೆ, ಚೆನ್ನಾಗಿ ಓದಿದೆ ಎಂದು ಒಂದು ದಿನವೂ ಹೇಳಿದವರಲ್ಲ, ಬಾಗಿಲಲ್ಲೇ ನಿಂತು ಅಂದಿನ ತಪ್ಪು ಹೇಳುತ್ತಿದ್ದರಂತೆ. ಅವರು ಪ್ರಾಥಮಿಕ ಶಾಲೆಯ ಟೀಚರು. ಅಮ್ಮನಿಗಾದರೂ ಇದು ಇಷ್ಟವಾಗುತ್ತದೆ ಎಂದು ಅವಳು ಒಪ್ಪಿದಳು.

ಹೊಸಬರಿಗೆ ಒಂದು ಮಾತು. ತಪ್ಪು ಮೊದಲು ಹೇಳಬೇಕೆಂದಾದರೆ ಹಿಂದಿನ ದಿನವೇ ಎಚ್ಚರ ಹೆಚ್ಚುತ್ತದೆ. ಒಂದು ಸುದ್ದಿಗೆ ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿ ಬೇಕು ಎಂಬ ನಿಯಮ ನಮ್ಮಲ್ಲಿ ಬಂದದ್ದು ಹಾಗೆಯೇ. ಅದಕ್ಕೆ ನಾವು 'ಎರಡನೇ ಬಾಯಿ' ಎನ್ನುತ್ತಿದ್ದೆವು. ಎಲ್ಲಕ್ಕೂ ಎರಡನೇ ಬಾಯಿ ಸಿಗುತ್ತಿರಲಿಲ್ಲ. ಸಿಗದಿದ್ದರೆ ಎಂಥ ಒಳ್ಳೆಯ ಸುದ್ದಿಯನ್ನೂ ಕಟ್ಟಿಡುತ್ತಿದ್ದೆವು.

ಮಣಿ ಒಮ್ಮೆ ಕಟ್ಟಿಡಲಿಲ್ಲ. ಪ್ರವಾಹದಲ್ಲಿ ಒಂದು ಸರ್ಕಾರಿ ಆಸ್ಪತ್ರೆ ಕುಸಿಯುವ ವಿಡಿಯೋ ಬಂತು. ಅವನ ಸ್ವಂತ ಊರಿನ ಆಸ್ಪತ್ರೆ ಎಂದು ಅದರಲ್ಲಿ ಬರೆದಿತ್ತು. ಶಾಮಣ್ಣನವರು ಊರಲ್ಲಿರಲಿಲ್ಲ, ನಾನು ವೀಸಾ ಕಚೇರಿಯ ಸಾಲಿನಲ್ಲಿದ್ದೆ. ವಾರ್ತೆಯಲ್ಲಿ ಹೋಗಿಯೇಬಿಟ್ಟಿತು. ಅದು ಬೇರೆ ಯಾವುದೋ ದೇಶದ, ಎಷ್ಟೋ ವರ್ಷ ಹಳೆಯ ವಿಡಿಯೋ. ಅವನ ಊರಿನ ಆಸ್ಪತ್ರೆ ಗಟ್ಟಿಯಾಗಿ ನಿಂತಿತ್ತು, ಒಳಗೆ ರೋಗಿಗಳಿದ್ದರು, ನಮ್ಮ ಸುದ್ದಿ ಕೇಳಿ ಅವರ ಮನೆಯವರು ಎದ್ದುಬಿದ್ದು ಓಡಿದ್ದರು.

ಮರುದಿನ ತಾರಾ ಆ ತಪ್ಪನ್ನು ಮೊದಲ ವಾಕ್ಯದಲ್ಲಿ ಓದಿದಳು. ಮಣಿ ಕೆಲಸಕ್ಕೆ ಬರಲಿಲ್ಲ. ಹುಡುಕಿದರೆ ಲಾಲ್‌ಬಾಗಿನ ಬಂಡೆಯ ಮೇಲೆ ಕೂತಿದ್ದ. ಬೈಯಬೇಕೆಂದೇ ಹೋಗಿದ್ದೆ, ಅವನ ಮುಖ ನೋಡಿ ಮಾವಳ್ಳಿಗೆ ಕರೆದುಕೊಂಡು ಹೋಗಿ ದೋಸೆ ಕೊಡಿಸಿದೆ. ಎರಡು ತಿಂದ ಮೇಲೆ ಮಾತು ಬಂತು. ಅಂದಿನಿಂದ ವಿಡಿಯೋ ಪರೀಕ್ಷೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ನೆರಳು ಯಾವ ಕಡೆ ಬಿದ್ದಿದೆ, ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿದೆ, ಶಾಲೆಯ ಮಕ್ಕಳ ಸಮವಸ್ತ್ರದ ಬಣ್ಣ ಯಾವುದು, ಎಲ್ಲ ನೋಡುತ್ತಿದ್ದ. ಒಮ್ಮೆಯಂತೂ ಹಿನ್ನೆಲೆಯ ಮರದಲ್ಲಿ ಹೂವಿಲ್ಲ, ಈ ತಿಂಗಳು ಅಲ್ಲಿ ಆ ಮರ ಹೂವಿಲ್ಲದೆ ಇರುವುದಿಲ್ಲ ಎಂದು ಒಂದು ವಿಡಿಯೋ ತಳ್ಳಿಹಾಕಿದ. ಅವನು ಹೇಳಿದ್ದೇ ಸರಿಯಾಗಿತ್ತು.

ನನ್ನ ಪಾಲಿಗೂ ಒಂದು ಸುದ್ದಿಮೂಲವಿತ್ತು. ನಮ್ಮಕ್ಕನ ಗಂಡ ಗುಂಡಣ್ಣ ಭಾವನದು ಚಿಕ್ಕಪೇಟೆಯಲ್ಲಿ ಸಗಟು ಬಟ್ಟೆ ಅಂಗಡಿ. ತಾರಾಳ ದೇಶದ ಕೆಲವು ವ್ಯಾಪಾರಿಗಳು ವರ್ಷಕ್ಕೆ ಒಂದೆರಡು ಸಲ ಅಲ್ಲಿ ಸೀರೆ, ಪಂಚೆ ಕೊಳ್ಳಲು ಬರುತ್ತಿದ್ದರು. ಅವರು ಬಂದ ದಿನ ಭಾವ ಫೋನು ಮಾಡುತ್ತಿದ್ದರು. ನಾನು ಹೋಗಿ, ಗದ್ದಿಗೆಯ ತುದಿಯಲ್ಲಿ ಬಟ್ಟೆಯ ಗಂಟಿಗೆ ಒರಗಿಕೊಂಡು, ಕಾಫಿ ಕುಡಿಯುತ್ತಾ, ಭಾವ ಕನ್ನಡಕ್ಕೆ ತಿರುಗಿಸಿ ಹೇಳುವ ಅವರ ಮಾತು ಕೇಳುತ್ತಿದ್ದೆ. ಯಾವ ಊರಿನಲ್ಲಿ ಮದುವೆ ಬಟ್ಟೆಗೆ ಬೇಡಿಕೆ ನಿಂತಿದೆ, ಯಾವ ರಸ್ತೆಯಲ್ಲಿ ಲಾರಿ ಬಿಡುತ್ತಿಲ್ಲ ಎಂಬುದರಿಂದ ಎಷ್ಟೋ ತಿಳಿಯುತ್ತಿತ್ತು. ನಾನು ಯಾವ ಕಚೇರಿಯವಳೆಂದು ಅವರಿಗೆ ಗೊತ್ತಿರಲಿಲ್ಲ. ಸೀರೆ ಆರಿಸಲು ತುಂಬಾ ಹೊತ್ತು ತೆಗೆದುಕೊಳ್ಳುವ ನಾದಿನಿ ಎಂದು ಭಾವ ಹೇಳಿದ್ದರು. ಅದೂ ಸುಳ್ಳೇನಲ್ಲ.

ಹೊರಗಿನಿಂದ ಒಮ್ಮೆ ಒಬ್ಬ ಸಲಹೆಗಾರರು ಬಂದಿದ್ದರು. ನಮ್ಮ ಕೆಲಸ ನೋಡಿ ಮೆಚ್ಚಿಕೊಂಡು, ಮೊದಲ ವಾಕ್ಯವೊಂದನ್ನು ತೆಗೆದುಬಿಟ್ಟರೆ ಕೇಳುಗರು ಹೆಚ್ಚುತ್ತಾರೆ, ಆರಂಭ ಜೋರಾಗಿರಬೇಕು ಎಂದರು. ಶಾಮಣ್ಣನವರು ತಾಳ್ಮೆಯಿಂದ ಕೇಳಿ, ಗಂಟೆ ನೋಡಿ, ಮೊಸರನ್ನದ ಡಬ್ಬಿ ತೆಗೆದರು. ನಾನು ಸಲಹೆಗಾರರನ್ನು ಊಟಕ್ಕೆ ಹೊರಗೆ ಕರೆದುಕೊಂಡು ಹೋದೆ.

ಹೀಗೆ ವರ್ಷಗಳು ಸಾಗಿದವು. ಮೊದಲು ಸುಳ್ಳು ಬರಹದಲ್ಲಿ ಬರುತ್ತಿತ್ತು, ಆಮೇಲೆ ಫೋಟೋದಲ್ಲಿ, ಆಮೇಲೆ ವಿಡಿಯೋದಲ್ಲಿ. ನಾವೂ ಒಂದೊಂದೇ ಕಲಿಯುತ್ತಾ ಬಂದೆವು. ಕೊನೆಗೆ ಅದು ತಾರಾಳ ಧ್ವನಿಯಲ್ಲೇ ಬಂತು.

ಒಂದು ಮಧ್ಯಾಹ್ನ ಅಲ್ಲಿನ ಕೇಳುಗರೊಬ್ಬರು ಒಂದು ಆಡಿಯೋ ಕಳಿಸಿ, ಇದು ನಿಮ್ಮದೇ ಎಂದು ಕೇಳಿದ್ದರು. ಮಣಿ ಹಾಕಿದ. ತಾರಾ ಮಾತಾಡುತ್ತಿದ್ದಳು. ಅದೇ ಧ್ವನಿ, ಅದೇ ಉಸಿರು, ವಾಕ್ಯದ ಕೊನೆಗೆ ಸ್ವಲ್ಪ ತಗ್ಗಿಸುವ ಅದೇ ರೀತಿ. ತಾರಾ ನನ್ನ ಪಕ್ಕದಲ್ಲೇ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಅವಳ ಕೈ ನಿಂತಿತು.

"ಇದನ್ನ ನಾನು ಓದಿಲ್ಲ, ವಸು ಅಕ್ಕ," ಅಂದಳು.

ನನಗೆ ಭಾಷೆ ಬಾರದು. ಮಣಿ ಅರ್ಥ ಹೇಳಿದ. ನಾಳೆ ಬೆಳಗ್ಗೆ ನದಿ ದಂಡೆಯ ಊರಿನವರೆಲ್ಲ ಶಾಲೆಯ ಮೈದಾನಕ್ಕೆ ಮನೆಮಂದಿಯೊಂದಿಗೆ ಬರಬೇಕು, ಹೊರದೇಶದ ಸಂಸ್ಥೆಯೊಂದು ಅಕ್ಕಿ, ಔಷಧಿ ಹಂಚುತ್ತದೆ, ಸರ್ಕಾರದವರಿಗೆ ತಿಳಿಯದಂತೆ ಬನ್ನಿ, ಎಂದು ಆ ಧ್ವನಿ ಹೇಳುತ್ತಿತ್ತು. ಆ ಊರಿನಲ್ಲಿ ನಮ್ಮ ವಾರ್ತೆ ಕೇಳುವವರು ಯಾರು, ಓಡಿಹೋದವರ ಮನೆಯವರು ಯಾರು ಎಂದು ಒಂದೇ ಬೆಳಗ್ಗೆ ಹಿಡಿಯುವ ಉಪಾಯ ಅದು. ತಾರಾಳ ಅಮ್ಮನ ಊರು ಅದೇ.

ಆ ಹೊತ್ತು ಅವಳು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. "ಬೇರೆ ಯಾರು ಕರೆದ್ರೂ ಅಮ್ಮ ಹೋಗಲ್ಲ. ನಾನು ಕರೆದ್ರೆ ಹೋಗ್ತಾರೆ."

ಕೂಡಲೇ ಇನ್ನೊಂದು ವಾರ್ತೆ ಮಾಡಿ, ಅದು ಸುಳ್ಳು ಎಂದು ಹೇಳೋಣ ಅಂದೆ. ಮಣಿ ಆಗದೆಂದು ತಲೆಯಾಡಿಸಿದ. "ಎರಡೂ ಒಂದೇ ಧ್ವನಿ ಮೇಡಂ. ಯಾವುದನ್ನ ನಂಬ್ತಾರೆ? ನಮ್ಮದೇ ಸುಳ್ಳು ಅಂತ ಅವರು ಇನ್ನೊಂದು ಬಿಡ್ತಾರೆ."

ಶಾಮಣ್ಣನವರು ಕುರ್ಚಿಯಿಂದ ಎದ್ದರು. "ಅದನ್ನ ಇನ್ನೊಂದ್ಸಲ ಮೊದಲಿಂದ ಹಾಕಪ್ಪ."

ಹಾಕಿದ. ನಮಸ್ಕಾರ ಎಂದು ಶುರುವಾಗಿ ನೇರ ಮೈದಾನಕ್ಕೆ ಬಂತು.

"ನಿನ್ನೆಯ ತಪ್ಪು ಎಲ್ಲಿ?" ಅಂದರು ಶಾಮಣ್ಣನವರು.

ಆಡಿಯೋ ಕಳಿಸಿದ ಕೇಳುಗರ ಸಂದೇಶವನ್ನು ಮಣಿ ಮತ್ತೆ ಓದಿದ. ಅವರೂ ಅದನ್ನೇ ಕೇಳಿದ್ದರು. ಇವತ್ತು ತಪ್ಪು ಹೇಳದೆ ಶುರು ಮಾಡಿದ್ದೀರಿ, ಅದಕ್ಕೇ ಅನುಮಾನ ಬಂತು, ಎಂದು ಬರೆದಿದ್ದರು. ಅವಳ ಧ್ವನಿಯನ್ನು ಅಷ್ಟು ಚೆನ್ನಾಗಿ ಕದ್ದವರಿಗೆ ಈ ಒಂದು ವಾಕ್ಯ ಬೇಕಾಗುತ್ತದೆ ಎಂದು ಹೊಳೆದಿರಲಿಲ್ಲ. ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಅವರಿಗೆ ಇರಲಿಲ್ಲವಲ್ಲ.

"ಸ್ಟುಡಿಯೋಗೆ ನಡೀಮ್ಮ. ನಿನ್ನೆ ಏನು ತಪ್ಪಿದ್ವಿ?"

ಹಿಂದಿನ ದಿನ ತೀರಿಕೊಂಡ ಒಬ್ಬ ಮೇಷ್ಟರ ಹುಟ್ಟೂರನ್ನು ನಾವು ತಪ್ಪು ಹೇಳಿದ್ದೆವು. ಪಕ್ಕದ ಹಳ್ಳಿಯ ಹೆಸರು ಹೇಳಿದ್ದೆವು.

"ಇಂಥ ಹೊತ್ತಲ್ಲಿ ಮೇಷ್ಟ್ರ ಊರಾ ಸರ್?" ಅಂದಳು ತಾರಾ.

"ಇಂಥ ಹೊತ್ತಲ್ಲೇ. ಆ ಮೇಷ್ಟ್ರು ಯಾವ ಊರವರು ಅಂತ ಆ ಕಡೆ ಜನಕ್ಕೆ ಗೊತ್ತು. ನಿನ್ನ ಧ್ವನಿ ಕದ್ದೋರಿಗೆ ಗೊತ್ತಿಲ್ಲ. ಅವರೂ ಮುಂದಿನ ಸಲ ತಪ್ಪು ಹೇಳ್ಬಹುದು. ಆದ್ರೆ ನಿಜವಾದ ತಪ್ಪು ಬೇಕಲ್ಲ."

ಅವಳು ಹಾಸಿಗೆಗಳ ನಡುವೆ ಕೂತು ಓದಿದಳು. ಮೊದಲು ಮೇಷ್ಟರ ಊರು, ಆಮೇಲೆ ಮೈದಾನಕ್ಕೆ ಹೋಗಬೇಡಿ ಎಂಬ ಮಾತು. ಧ್ವನಿ ಎಲ್ಲೂ ನಡುಗಲಿಲ್ಲ. ಹೊರಗೆ ಬಂದವಳೇ ಅರ್ಧಕ್ಕೆ ಬಿಟ್ಟ ಬಟಾಣಿಯನ್ನು ಬಿಡಿಸಿ ಮುಗಿಸಿದಳು.

ಮರುದಿನ ಸಂಜೆಯ ಹೊತ್ತಿಗೆ ಸುದ್ದಿ ಬಂತು. ಮೈದಾನ ಬಹುಪಾಲು ಖಾಲಿ ಇತ್ತು. ಶಾಲೆಯ ಹಿಂದೆ ಲಾರಿಗಳನ್ನು ನಿಲ್ಲಿಸಿಕೊಂಡು ಕಾದವರು ಕಾದೇ ಹೋದರು. ನಾವು ಒಬ್ಬರ ಮುಖ ಒಬ್ಬರು ನೋಡಿ ಉಸಿರು ಬಿಡುವಷ್ಟರಲ್ಲಿ ಎರಡನೇ ಬಾಯಿ ಇನ್ನೊಂದು ಮಾತು ಸೇರಿಸಿತು. ಕೆಲವರು ಹೋಗಿದ್ದರಂತೆ. ನಮ್ಮ ಎರಡನೆಯ ವಾರ್ತೆ ತಲುಪದವರು. ಹೆಚ್ಚಿನವರು ವಯಸ್ಸಾದವರು. ಅವರನ್ನು ಲಾರಿ ಹತ್ತಿಸಿಕೊಂಡು ಹೋಗಿದ್ದರು. ಹೆಸರುಗಳು ಯಾರಿಗೂ ಗೊತ್ತಿರಲಿಲ್ಲ.

ಆಮೇಲಿನ ದಿನಗಳು ನನ್ನ ವೃತ್ತಿಯಲ್ಲೇ ಕಷ್ಟದವು. ತಾರಾ ಒಂದು ದಿನವೂ ರಜೆ ಹಾಕಲಿಲ್ಲ. ಬಂದು, ತಪ್ಪು ಓದಿ, ವಾರ್ತೆ ಓದಿ ಹೋಗುತ್ತಿದ್ದಳು. ಆಟೋದವರೊಂದಿಗೆ ಜಗಳ ನಿಂತಿತು. ಪದ್ಮಮ್ಮ ನನಗೆ ಫೋನು ಮಾಡಿ, "ಏನಾಗಿದೆ ರೀ ಆ ಹುಡುಗಿಗೆ? ಹುಳಿ ಕೊಟ್ರೆ ಹಾಗೇ ಇಟ್ಟಿರ್ತಾಳೆ. ಬೇಕಾದ್ರೆ ಒಂದು ಮೊಟ್ಟೆನೇ ಬೇಯಿಸ್ಕೊಳ್ಳಲಿ, ನಾನು ಆ ಕಡೆ ನೋಡಲ್ಲ," ಅಂದರು. ಮೊಟ್ಟೆಯ ವಿಷಯದಲ್ಲಿ ಪದ್ಮಮ್ಮ ಸೋತದ್ದು ಅದೊಂದೇ ಸಲ. ನನಗೆ ಅಳು ಬಂತು.

ಅವಳ ಅಮ್ಮನ ಬಗ್ಗೆ ವಿಚಾರಿಸಲೂ ಹೆದರಿಕೆ. ಇಂಥವರು ಹೇಗಿದ್ದಾರೆ ಎಂದು ನಾವು ಕೇಳಿದರೆ ಅದೇ ಅವರಿಗೆ ಮುಳುವಾಗಬಹುದಿತ್ತು. ಸುಮ್ಮನಿರುವುದೇ ನಮ್ಮ ಕೆಲಸವಾಯಿತು. ಮಳೆಗಾಲ ಬಂತು. ಆ ಊರಿನ ನದಿಯಲ್ಲಿ ನೀರು ಏರಿ ಮೇಲಿನ ಸೇತುವೆ ಮುಚ್ಚಿದೆ ಎಂದು ಒಂದು ದಿನ ವಾರ್ತೆಯಲ್ಲಿ ಓದಿದೆವು. ಮಾಮೂಲಿ ಸುದ್ದಿ, ಓದಿ ಮರೆತೆವು.

ಕೆಲವು ವಾರಗಳ ಮೇಲೆ ಗುಂಡಣ್ಣ ಭಾವ ಫೋನು ಮಾಡಿದರು. "ವಸು, ನಿನ್ನ ಸೀರೆ ಬಂದಿದೆ, ಬಂದ್ಬಿಡು."

ಹೋದೆ. ನದಿ ದಂಡೆಯ ಊರಿನ ಕಡೆಯ ವ್ಯಾಪಾರಿ ಗದ್ದಿಗೆಯ ಮೇಲೆ ಪಂಚೆ ಎಣಿಸುತ್ತಾ ಕೂತಿದ್ದ. ಭಾವ ಅವನೊಂದಿಗೆ ಹರುಕು ಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದರು. ರಸ್ತೆ, ಮಳೆ, ಧಾರಣೆ ಎಲ್ಲ ಮುಗಿದ ಮೇಲೆ ವ್ಯಾಪಾರಿ ನಕ್ಕು ಏನೋ ಹೇಳಿದ. ಭಾವ ನನ್ನ ಕಡೆ ತಿರುಗಿದರು.

"ಇವರ ಬೀದೀಲಿ ಒಬ್ರು ವಯಸ್ಸಾದ ಟೀಚರಮ್ಮ ಇದಾರಂತೆ. ಬಲು ಜಗಳಗಂಟಿ. ಇವನು ಊರು ಬಿಡುವಾಗ ಹಿಡ್ಕೊಂಡ್ರಂತೆ. ಹೊರಗೆ ಹೋಗೋನು ನೀನು, ಆ ವಾರ್ತೆಯವರು ಯಾರಾದ್ರೂ ಸಿಕ್ಕಿದ್ರೆ ಹೇಳು, ಮೇಲಿನ ಸೇತುವೆ ಮುಚ್ಚಿಲ್ಲ, ಕೆಳಗಿನದು ಮುಚ್ಚಿದೆ, ಸೈಕಲ್ ಬಿದ್ದ ಸೇತುವೆ ಮೇಲೆ ಜನ ಓಡಾಡ್ತಾನೇ ಇದಾರೆ, ತಪ್ಪು ಓದಿದ್ದಾರೆ, ಸರಿಯಾಗಿ ಓದಲಿ ಅಂತ. ಆ ವಾರ್ತೆಯವರು ನನಗೆಲ್ಲಿ ಸಿಗ್ತಾರೆ ಅಂತ ನಗ್ತಿದಾನೆ."

ನಾನು ಯಾವ ಸೀರೆ ಆರಿಸಿದೆನೋ ನೆನಪಿಲ್ಲ. ಆರಿಸಲೇಬೇಕಿತ್ತು, ಇಲ್ಲದಿದ್ದರೆ ಅನುಮಾನ ಬರುತ್ತಿತ್ತು. ಪೊಟ್ಟಣ ಕಂಕುಳಲ್ಲಿಟ್ಟುಕೊಂಡು, ಮೂಟೆ ಹೊತ್ತವರ ನಡುವೆ ನುಗ್ಗಿ, ಆಟೋ ಹಿಡಿದು ಚಾಮರಾಜಪೇಟೆಗೆ ಬಂದೆ. ಸೇತುವೆಯ ಸುದ್ದಿ ನಾವು ಓದಿದ್ದು ಮೈದಾನದ ಘಟನೆ ಆದ ಮೇಲೆ. ಆ ಟೀಚರಮ್ಮ ಅದನ್ನು ಕೇಳಿದ್ದಾರೆ. ಆದರೆ ಟೀಚರಮ್ಮಂದಿರು ಊರಿಗೆ ಹತ್ತು ಜನ ಇರುತ್ತಾರೆ. ದಾರಿಯುದ್ದಕ್ಕೂ ಇದೇ ಯೋಚನೆ.

ತಾರಾ ಅಂದಿನ ವಾರ್ತೆ ತಿದ್ದುತ್ತಿದ್ದಳು. ಭಾವ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದೆ. "ಸೈಕಲ್ ಬಿದ್ದ ಸೇತುವೆ" ಎಂಬಲ್ಲಿಗೆ ಬರುತ್ತಿದ್ದಂತೆ ಅವಳು ಪೆನ್ನು ಕೆಳಗಿಟ್ಟಳು.

"ಇನ್ನೊಂದ್ಸಲ ಹೇಳಿ."

ಹೇಳಿದೆ.

"ಆ ಸೇತುವೆಗೆ ಆ ಹೆಸರಿಲ್ಲ ವಸು ಅಕ್ಕ. ಯಾರೂ ಹಾಗೆ ಕರೆಯಲ್ಲ. ನಾನು ಚಿಕ್ಕವಳಿದ್ದಾಗ ಅಪ್ಪ ನನ್ನನ್ನ ಹಿಂದೆ ಕೂರಿಸ್ಕೊಂಡು ಹೋಗ್ತಾ ಅಲ್ಲಿ ಸೈಕಲ್ ಸಮೇತ ಬಿದ್ದಿದ್ರು. ನಮ್ಮ ಮನೇಲಿ ಮಾತ್ರ ಹಾಗೆ ಕರೀತಿದ್ವಿ. ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು. ಈಗ ಅದು ಗೊತ್ತಿರೋದು ಇಬ್ಬರಿಗೇ."

ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಂಡೆ. ಅತ್ತಳು, ನಕ್ಕಳು, ಮೂಗು ಒರೆಸಿಕೊಂಡಳು. ಮಣಿ ಬಾಗಿಲಲ್ಲಿ ನಿಂತು ಏನಾಯಿತೆಂದು ಕೇಳುತ್ತಿದ್ದ. ಇವತ್ತೇ ಇದನ್ನು ಮೊದಲ ವಾಕ್ಯ ಮಾಡೋಣ ಎಂದು ನಾನು ಅವಸರ ಮಾಡಿದೆ. ತಾರಾ ತಲೆಯಲ್ಲಾಡಿಸಿದಳು.

"ಎರಡನೇ ಬಾಯಿ?"

"ನಿಮ್ಮಮ್ಮ ಹೇಳಿದ್ದಕ್ಕೂನಾ?"

"ಅಮ್ಮ ಆದ್ರೇನು? ಪರೀಕ್ಷೆ ಮಾಡ್ದೆ ಓದಿದ್ರೆ ಅದಕ್ಕೂ ಬೈತಾರೆ."

ಒಳಗಿನ ಕೋಣೆಯಲ್ಲಿ ಶಾಮಣ್ಣನವರು ಡಬ್ಬಿ ತೆಗೆಯುವ ಸದ್ದಾಯಿತು. ಊಟದ ಹೊತ್ತಂತೂ ಆಗಿರಲಿಲ್ಲ.

ಮರುದಿನ ಮಣಿಗೆ ನದಿಯ ಆ ಕಡೆಯ ಒಬ್ಬ ದೋಣಿಯವನಿಂದ ಉತ್ತರ ಬಂತು. ಮುಚ್ಚಿರುವುದು ಕೆಳಗಿನ ಸೇತುವೆಯೇ. ಟೀಚರಮ್ಮ ಹೇಳಿದ್ದು ಸರಿ.

ಈಗ ಈ ಕೆಲಸಕ್ಕೆ ಬರುವ ಹುಡುಗಿಗೆ ಹೇಳಬೇಕಾದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಉಪಕರಣಗಳು ಬದಲಾಗುತ್ತವೆ, ನನಗಿಂತ ಚೆನ್ನಾಗಿ ನಿನಗೆ ಗೊತ್ತಿರುತ್ತದೆ. ಮನೆ ಹುಡುಕಲು ಕಲಿ. ಮಾಲೀಕರು ಕೇಳುವ ಪ್ರಶ್ನೆಗೆ ಸಿಟ್ಟಾಗಬೇಡ, ಅವರೇ ಆಮೇಲೆ ಹುಳಿ ತಂದು ಕೊಡುತ್ತಾರೆ. ಸುಳ್ಳನ್ನು ಎದುರಿಸುತ್ತೇವೆ ಎಂದು ಹೊರಟವರು ಬಹಳ ಬೇಗ ಜಂಬ ಬೆಳೆಸಿಕೊಳ್ಳುತ್ತಾರೆ, ನಾನೂ ಬೆಳೆಸಿಕೊಂಡಿದ್ದೆ, ಮೊದಲ ವಾಕ್ಯ ಅದನ್ನು ದಿನಾ ಇಳಿಸುತ್ತಿತ್ತು. ಆ ಮೈದಾನಕ್ಕೆ ಹೋದವರಲ್ಲಿ ಕೆಲವರು ಇನ್ನೂ ಮನೆಗೆ ಬಂದಿಲ್ಲ. ಅವರ ಹೆಸರುಗಳು ಒಂದೊಂದಾಗಿ ಸಿಕ್ಕಿವೆ, ನಮ್ಮವರು ಅವನ್ನು ವಾರ್ತೆಯಲ್ಲಿ ಓದುತ್ತಲೇ ಇದ್ದಾರೆ. ಆದರೂ ಯಾರಾದರೂ ಈ ಕೆಲಸ ಹೇಗಿತ್ತು ಎಂದು ಕೇಳಿದರೆ, ಸುಖವಾಗಿತ್ತು ಎಂದೇ ನನ್ನ ಬಾಯಿಗೆ ಬರುತ್ತದೆ.

ದೋಣಿಯವನ ಉತ್ತರ ಬಂದ ದಿನ ಧ್ವನಿಮುದ್ರಣಕ್ಕೆ ನಾನು ಒಳಗೆ ಹೋಗಿ, ಹಾಸಿಗೆಗೆ ಒರಗಿ ನಿಂತೆ. ಶಾಮಣ್ಣನವರೂ ಬಂದರು, ಮಣಿಯೂ ಬಂದ. ತಾರಾ ನೀರು ಕುಡಿದು ಓದತೊಡಗಿದಳು. ಅವಳ ಭಾಷೆಯಲ್ಲಿ ನನಗೆ ಬರುವುದು ಆ ಒಂದು ಮೊದಲ ವಾಕ್ಯದ ಆರಂಭ ಮಾತ್ರ, ಇಷ್ಟು ವರ್ಷ ದಿನವೂ ಕೇಳಿ ಕೇಳಿ ಬಂದದ್ದು: ನಿನ್ನೆಯ ನಮ್ಮ ತಪ್ಪು. ಇದು ನಿನ್ನೆಯದಲ್ಲವಾದ್ದರಿಂದ ಅವಳು ಆ ಮಾತನ್ನು ಬದಲಿಸಿದಳು. ತಪ್ಪು ಓದಿದ್ದೆವು, ತಿಳಿದವರು ತಿದ್ದಿದ್ದಾರೆ, ಮೇಲಿನ ಸೇತುವೆ ತೆರೆದಿದೆ, ಕೆಳಗಿನದು ಮುಚ್ಚಿದೆ, ತಿದ್ದಿದವರಿಗೆ ವಂದನೆ, ಎಂದು ಓದಿದಳಂತೆ. ಎಲ್ಲ ದಿನಗಳ ಹಾಗೆಯೇ ಸಮಾಧಾನವಾಗಿ ಓದಿ, ಮುಂದಿನ ಸುದ್ದಿಗೆ ಹೋದಳು.

ಮುಗಿಸಿ ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಪದ್ಮಮ್ಮನ ಕನ್ನಡದಲ್ಲಿ ನನಗೆ ಹೇಳಿದಳು.

"ನೋಡಿದ್ರಾ ವಸು ಅಕ್ಕ, ಇಷ್ಟು ವರ್ಷ ಆದ್ಮೇಲೆ ಒಂದು ಮಾತು ಹೇಳಿ ಕಳಿಸಿದಾರೆ. ಅದರಲ್ಲೂ ನನ್ನ ತಪ್ಪೇ."